ಸ್ವಿಂಗ್ ಮೋಟರ್ ಇಳಿಸುವ ಮೊದಲು ಡ್ರೇನ್ ಎಣ್ಣೆ ಎರಡು ಸಲ ಹಿಡಿಯಿರಿ: ನನ್ನ ಅನುಭವ

ಎಕ್ಸ್‌ಕವೇಟರ್ ಬಿಸಿಯಾದ ಮೇಲೆ ಸ್ವಿಂಗ್ (ಮೇಲಿನ ಬಾಡಿ ತಿರುಗುವುದು) ನಿಧಾನ ಆಗುತ್ತದೆ ಅಂದರೆ ಸಾಕು, ಹತ್ತರಲ್ಲಿ ಒಂಬತ್ತು ಮೆಕ್ಯಾನಿಕ್‌ಗಳು ‘ಮೋಟರ್ ಹೋಗಿದೆ’ ಅಂತಾರೆ. ಮೋಟರ್ ಒಳಗೆ ಸೋರಿದ ಎಣ್ಣೆಯನ್ನು ಟ್ಯಾಂಕಿಗೆ ಒಯ್ಯುವ ಡ್ರೇನ್ ಹೋಸ್ ಬಿಚ್ಚಿ, ಎಣ್ಣೆ ಸುರಿಯುವುದನ್ನು ಓನರ್‌ಗೆ ತೋರಿಸಿದರೆ ಮುಗೀತು. ಅವನು ಆ ಹೊತ್ತಿಗೇ ಎರಡು ಲಕ್ಷಕ್ಕೆ ಫೋನ್ ಹಚ್ಚುತ್ತಾನೆ. ಆದರೆ ಸುರಿಯುವ ಎಣ್ಣೆಯೆಲ್ಲ ಮೋಟರ್‌ನದ್ದೇ ಅಂತ ಹೇಳಿದವರು ಯಾರು? ನಾನು ಈ ಪ್ರಶ್ನೆ ಎತ್ತಿದಾಗಲೆಲ್ಲ ನಮ್ಮ ಕಡೆಯ ಸೀನಿಯರ್‌ಗಳು ಮೂಗು ಮುರಿಯುತ್ತಿದ್ದರು. ಕಳೆದ ಬೇಸಿಗೆಯಲ್ಲಿ ಇಳಕಲ್ ಹತ್ತಿರದ ಕ್ವಾರಿಯಲ್ಲಿ ಆದ ಕೆಲಸದ ನಂತರ ಅವರಲ್ಲೇ ಇಬ್ಬರು ಫೋನ್ ಮಾಡಿ ‘ಅದು ಹೆಂಗ ಮಾಡಿದ್ರಿ’ ಅಂತ ಕೇಳಿದರು. ಹಾಗಾಗಿ ಬರೆಯುತ್ತಿದ್ದೇನೆ.

ಪ್ರೆಷರ್ ಗೇಜ್ ಹಿಡಿದು ಗೊತ್ತಿರುವವರಿಗಾಗಿ ಇದು. ಸ್ವಿಂಗ್ ಮೋಟರ್ ಹೇಗೆ ಕೆಲಸ ಮಾಡುತ್ತದೆ, ರಿಲೀಫ್ (ಪ್ರೆಷರ್ ಮಿತಿ ಮೀರಿದರೆ ಎಣ್ಣೆ ಬಿಡುವ ವಾಲ್ವ್) ಎಲ್ಲಿರುತ್ತದೆ ಅಂತ ಹೇಳುತ್ತ ಕೂರಲ್ಲ.

ಮಷಿನ್ 20 ಟನ್ನಿನದು. ಯಾವ ಕಂಪನಿ ಅಂತ ಬೇಡ, ಈ ತೊಂದರೆ ಎಲ್ಲ ಕಂಪನಿ ಮಷಿನ್‌ಗಳಲ್ಲೂ ಬರುತ್ತದೆ. ಹನ್ನೊಂದು ಸಾವಿರ ಗಂಟೆ ಚಿಲ್ಲರೆ ಓಡಿತ್ತು. ಬೆಳಗ್ಗೆ ಎರಡು ತಾಸು ಚೆನ್ನಾಗಿ ತಿರುಗುತ್ತದೆ. ಹನ್ನೊಂದು ಗಂಟೆ ಆಗುತ್ತಿದ್ದಂತೆ ಮೇಲಿನ ಬಾಡಿ ತಿರುಗಲು ಬೇಜಾರು ಮಾಡುತ್ತದೆ. ಲಿವರ್ ಎಳೆದ ಮೇಲೆ ಒಂದು ಕ್ಷಣ ಸುಮ್ನೆ ನಿಂತು, ಆಮೇಲೆ ಜಗ್ಗಿ ಹೊರಡುತ್ತದೆ. ಎಡಕ್ಕೂ ಅಷ್ಟೇ, ಬಲಕ್ಕೂ ಅಷ್ಟೇ. ಏಪ್ರಿಲ್ ತಿಂಗಳು, ಹೊರಗೆ ನಲವತ್ತು ಡಿಗ್ರಿ, ಕಲ್ಲಿನ ಗುಂಡಿಯೊಳಗೆ ಇನ್ನೂ ಜಾಸ್ತಿ. ಆಪರೇಟರ್ ಮಧ್ಯಾಹ್ನ ಮಷಿನ್ ಬಂದ್ ಮಾಡಿ ಮರದ ಕೆಳಗೆ ಮಲಗುತ್ತಿದ್ದ. ಅವನ ತಪ್ಪಿಲ್ಲ.

ನಾನು ಹೋಗುವ ಹೊತ್ತಿಗೆ ಓನರ್ ದುಡ್ಡು ಸಾಕಷ್ಟು ಸುಟ್ಟುಕೊಂಡಿದ್ದ. ಮೊದಲು ಬಂದವರು ಡ್ರೇನ್ ನೋಡಿ ಮೋಟರ್ ಬದಲಿಸಿ ಅಂದಿದ್ದರು. ಹೊಸದಕ್ಕೆ ನಾಲ್ಕು ಲಕ್ಷದ ಮೇಲೆ ಕೇಳಿದರು ಅಂತ ಸೆಕೆಂಡ್ ಹ್ಯಾಂಡ್ ತರಿಸಿದ್ದ, ಒಂದು ನಲವತ್ತಕ್ಕೋ ಒಂದು ಐವತ್ತಕ್ಕೋ. ಅದನ್ನು ಹಾಕಿದ ಮೇಲೆ ಸುಮಾರು ಎರಡು ವಾರ ಮಷಿನ್ ಸರಿಯಾಗಿತ್ತಂತೆ. ಆಮೇಲೆ ಮತ್ತೆ ಅದೇ ಕಥೆ. ಆಗ ಇನ್ನೊಬ್ಬರು ಬಂದು ‘ಹಂಗಾದ್ರ ಪಂಪ್ ಹೋಗೇತಿ’ ಅಂದರು. ಪಂಪ್ ಓವರ್‌ಹಾಲ್ ಅಂದರೆ ಮತ್ತೆ ಎರಡು ಲಕ್ಷ. ಗಂಟೆಗೆ ಸಾವಿರದ ಮುನ್ನೂರರ ಬಾಡಿಗೆ ಲೆಕ್ಕ ಹಾಕಿ, ಮಷಿನ್ ಒಂದು ದಿನ ನಿಂತರೆ ಹನ್ನೆರಡು ಹದಿಮೂರು ಸಾವಿರ ಹೋದಂತೆ. ಇಎಂಐ ಬೇರೆ.

ಪಂಪ್ ಅಲ್ಲ ಅಂತ ನನಗೆ ಐದು ನಿಮಿಷದಲ್ಲೇ ಗೊತ್ತಾಯಿತು. ಇದರಲ್ಲಿ ನನ್ನ ಹೆಚ್ಚುಗಾರಿಕೆ ಏನೂ ಇಲ್ಲ, ಯಾರಾದರೂ ನೋಡಬಹುದಿತ್ತು. ಆ ಮಷಿನ್‌ನಲ್ಲಿ ಸ್ವಿಂಗ್, ಆರ್ಮ್, ಎಡಗಡೆ ಟ್ರಾವೆಲ್ (ಎಡ ಚೈನ್ ಓಡಿಸುವುದು) ಮೂರೂ ಒಂದೇ ಪಂಪಿನ ಮೇಲೆ. ಧಾರವಾಡದಲ್ಲಿ ಫ್ಯಾಕ್ಟರಿ ಇರುವುದರಿಂದ ನಮ್ಮ ಕಡೆ ಟಾಟಾ ಹಿಟಾಚಿ ಮೇಲೆ ಕೈ ಪಳಗಿದವರು ಬೇಕಾದಷ್ಟು ಜನ ಇದ್ದಾರೆ, ಅವರಿಗೆ ಇಂಥ ಜೋಡಣೆ ಬಾಯಿಪಾಠ. ಪಂಪ್ ಸುಸ್ತಾಗಿದ್ದರೆ ಆರ್ಮ್ ಕೂಡ ಸುಸ್ತಾಗಬೇಕು, ಟ್ರಾವೆಲ್ ಎಡಕ್ಕೆ ಎಳೆಯಬೇಕು. ಬಿಸಿ ಎಣ್ಣೆಯಲ್ಲೇ ಒಂದು ಕಡೆಯ ಚೈನ್ ಎತ್ತಿ ತಿರುಗಿಸಿದೆ, ಎರಡೂ ಕಡೆ ಹೆಚ್ಚುಕಡಿಮೆ ಒಂದೇ ಸ್ಪೀಡ್. ಆರ್ಮ್ ಕೂಡ ಚೆನ್ನಾಗಿತ್ತು. ಸ್ವಿಂಗ್ ಮಾತ್ರ ಹಾಳು. ಅಂದರೆ ತೊಂದರೆ ಇರುವುದು ಸ್ಪೂಲ್‌ನಿಂದ (ಲಿವರ್ ಎಳೆದಾಗ ಸರಿದು ಮೋಟರ್‌ಗೆ ಎಣ್ಣೆ ಬಿಡುವ ವಾಲ್ವ್) ಆಚೆಗೆ. ಎರಡೂ ಕಡೆ ಒಂದೇ ಥರ ಹಾಳಾಗಿದ್ದರಿಂದ ಸ್ಪೂಲ್ ಮೇಲೂ, ರಿಲೀಫ್ ಮೇಲೂ ಅಷ್ಟು ಅನುಮಾನ ಬರಲಿಲ್ಲ. ಎಡಕ್ಕೊಂದು ಬಲಕ್ಕೊಂದು ಇರುವ ಎರಡು ರಿಲೀಫ್ ಒಂದೇ ದಿನ ಒಂದೇ ಥರ ಕೆಡುವುದು ತೀರಾ ಅಪರೂಪ.

ಮೂರು ಸುತ್ತಿನ ಟೈಮ್ ಹಿಡಿದೆ. ಒಂದು ಸುತ್ತು ಬಿಟ್ಟು, ಓಟ ಹಿಡಿದ ಮೇಲೆ ಮೂರು ಸುತ್ತು. 20 ಟನ್ ಮಷಿನ್ ನಿಮಿಷಕ್ಕೆ 12–13 ಸುತ್ತು ತಿರುಗುತ್ತದೆ, ಅಂದರೆ ಮೂರು ಸುತ್ತಿಗೆ 14 ಸೆಕೆಂಡಿನ ಆಸುಪಾಸು. ಇದು ಬೆಳಗ್ಗೆ ತಣ್ಣಗಿದ್ದಾಗ 15, ಮಧ್ಯಾಹ್ನ 22–23. ಈ ಟೈಮ್ ಹಿಡಿಯುವ ಕೆಲಸವನ್ನೇ ಯಾರೂ ಮಾಡಿರಲಿಲ್ಲ. ‘ನಿಧಾನ’ ಅಂದರೆ ಎಷ್ಟು ನಿಧಾನ ಅಂತ ಬರೆದಿಟ್ಟುಕೊಳ್ಳದೆ ಸ್ಪ್ಯಾನರ್ ಹಿಡಿಯಬಾರದು, ರಿಪೇರಿ ಆದ ಮೇಲೆ ಓನರ್ ಜೊತೆ ವಾದ ಮಾಡಲಿಕ್ಕಾದರೂ ಒಂದು ಲೆಕ್ಕ ಬೇಕಲ್ವಾ.

ಈಗ ಡ್ರೇನ್. ನನ್ನ ಹತ್ತಿರ ಒಂದು 10 ಲೀಟರಿನ ಗೇರ್ ಆಯಿಲ್ ಡಬ್ಬ ಇದೆ, ಮೇಲ್ಭಾಗ ಕತ್ತರಿಸಿದ್ದು. ಲೀಟರ್ ಬಾಟಲಿಯಲ್ಲಿ ನೀರು ಅಳೆದು ಹಾಕುತ್ತ ಒಳಗೆ ಗೆರೆ ಗೀಚಿದ್ದೇನೆ. ಅದನ್ನು ಹಿಡಿದು ಗಾಡಿಯಿಂದ ಇಳಿದಾಗ ಹಿಂದೆ ಬಂದಿದ್ದ ಮೆಕ್ಯಾನಿಕ್ ಅಲ್ಲೇ ಇದ್ದ. ‘ಚೆಂಬು ಹಿಡಕೊಂಡು ಹಾಲು ಕರಿಯಾಕ ಬಂದಾನ ನೋಡ್ರಿ’ ಅಂತ ಎಲ್ಲರನ್ನೂ ನಗಿಸಿದ. ನಗಲಿ.

ಡ್ರೇನ್ ಹಿಡಿಯುವಾಗ ಸಾಮಾನ್ಯವಾಗಿ ನಡೆಯುವ ಗಡಿಬಿಡಿ ಒಂದಿದೆ. ಮೋಟರ್‌ಗೆ ಒಂದು ದಪ್ಪ ಹೋಸ್ ಬರುತ್ತದೆ, ಅದು ಮೇಕಪ್ ಲೈನ್, ಮೋಟರ್‌ಗೆ ಎಣ್ಣೆ ಕಡಿಮೆ ಬಿದ್ದಾಗ ತುಂಬಿಸುವುದು. ಅದನ್ನು ಬಿಚ್ಚಿ ‘ಅಬ್ಬಾ ಎಷ್ಟು ಎಣ್ಣೆ’ ಅಂದವರನ್ನು ನೋಡಿದ್ದೇನೆ. ಡ್ರೇನ್ ಹೋಸ್ ಅದಕ್ಕಿಂತ ಸಣ್ಣದು. ಮೋಟರ್ ಕಡೆಯಿಂದಲೇ ಬಿಚ್ಚಬೇಕು. ಟ್ಯಾಂಕಿಗೆ ಹೋಗುವ ತುದಿಗೆ ಪ್ಲಗ್ ಹಾಕಬೇಕು, ಇಲ್ಲವಾದರೆ ಟ್ಯಾಂಕ್ ಎಣ್ಣೆಯೇ ವಾಪಸ್ ಇಳಿದು ಬರುತ್ತದೆ. ಮೊದಲು ಟ್ಯಾಂಕಿನ ಪ್ರೆಷರ್ ಬಿಡಿ. 80 ಡಿಗ್ರಿ ಎಣ್ಣೆ ಕೈಮೇಲೆ ಬಿದ್ದರೆ ಏನಾಗುತ್ತದೆ ಅಂತ ನನ್ನ ಹೆಲ್ಪರ್‌ನ ಮುಂಗೈ ನೋಡಿದರೆ ಗೊತ್ತಾಗುತ್ತದೆ.

ಮಷಿನ್ ಬಕೆಟ್ಟನ್ನು ಗುಂಡಿಯ ಗೋಡೆಗೆ ಒತ್ತಿಟ್ಟು, ಫುಲ್ ಥ್ರಾಟಲ್‌ನಲ್ಲಿ ಸ್ವಿಂಗ್ ಲಿವರ್ ಕೊನೆವರೆಗೂ ಎಳೆದು ಹಿಡಿಸಿದೆ. ಮೋಟರ್ ತಿರುಗಲ್ಲ, ರಿಲೀಫ್ ಕೂಗುತ್ತದೆ, ಗೇಜ್‌ನಲ್ಲಿ 280 ಬಾರ್ ಹತ್ತಿರ. ಅಂದರೆ ರಿಲೀಫ್ ಚೆನ್ನಾಗಿಯೇ ಇದೆ. ಇಡೀ ನಿಮಿಷ ಹೀಗೆ ಹಿಡಿಯಲು ಹೋಗಬೇಡಿ, ಎಣ್ಣೆ ಸಿಕ್ಕಾಪಟ್ಟೆ ಬಿಸಿಯಾಗುತ್ತದೆ. ನಾನು 20 ಸೆಕೆಂಡ್ ಹಿಡಿದು ಮೂರರಿಂದ ಗುಣಿಸುತ್ತೇನೆ. ಇನ್ನೊಂದು, ಮೋಟರ್ ನಿಂತ ಜಾಗದ ಮೇಲೆ ಲೀಕ್ ಹೆಚ್ಚುಕಡಿಮೆ ಆಗುತ್ತದೆ. ಬಾಡಿ ಸ್ವಲ್ಪ ತಿರುಗಿಸಿ ಬೇರೆ ಬೇರೆ ಜಾಗದಲ್ಲಿ ಹಿಡಿದು ನೋಡಬೇಕು. ಈ ಸೈಜಿನ ಮಷಿನ್‌ಗೆ ನನ್ನ ಲೆಕ್ಕ ಇಷ್ಟೇ: ನಿಮಿಷಕ್ಕೆ 5 ಲೀಟರ್ ಒಳಗಿದ್ದರೆ ಮೋಟರ್ ಮುಟ್ಟಬೇಡಿ, 10 ದಾಟಿದರೆ ಇಳಿಸಿ.

ಇದರದ್ದು ಒಂಬತ್ತು ಒಂಬತ್ತೂವರೆ ಬಂತು. ನಕ್ಕವನು ‘ನಾ ಹೇಳ್ಲಿಲ್ಲೇನು’ ಅಂದ.

ಇಲ್ಲಿಗೇ ಎಲ್ಲರೂ ನಿಲ್ಲಿಸುತ್ತಾರೆ. ನಾನು ಎರಡನೇ ಸಲ ಹಿಡಿಯುತ್ತೇನೆ. ಮೋಟರ್ ಒಳಗೇ ಒಂದು ಬ್ರೇಕ್ ಇರುತ್ತದೆ. ಸ್ಪ್ರಿಂಗ್ ಅದನ್ನು ಒತ್ತಿ ಹಿಡಿದಿರುತ್ತದೆ, ಕಡಿಮೆ ಪ್ರೆಷರ್‌ನ ಪೈಲಟ್ ಎಣ್ಣೆ ಬಂದು ಬ್ರೇಕ್ ಪಿಸ್ಟನ್ ಎತ್ತಿದಾಗ ಬಿಡುತ್ತದೆ. ಎರಡನೇ ಸಲಕ್ಕೆ ಮುಂಚೆ ಬ್ರೇಕ್ ರಿಲೀಸ್‌ಗೆ ಬರುವ ಸಣ್ಣ ಪೈಲಟ್ ಹೋಸ್ ಬಿಚ್ಚಿ ಅದರ ತುದಿಗೆ ಪ್ಲಗ್ ಹಾಕುತ್ತೇನೆ. ಮೋಟರ್ ಕಡೆಯ ಪೋರ್ಟಿಗೆ ಒಂದು ಮೊಳ ಟ್ರಾನ್ಸ್‌ಪರೆಂಟ್ ಪೈಪ್ ಸಿಕ್ಕಿಸಿ ಬಾಟಲಿಯೊಳಗೆ ಬಿಡುತ್ತೇನೆ. ಈಗ ಬ್ರೇಕ್ ಬಿಡುವುದಿಲ್ಲ, ಬಿಡುವ ಅಗತ್ಯವೂ ಇಲ್ಲ, ಹೇಗೂ ಬಾಡಿ ಗೋಡೆಗೆ ಒತ್ತಿಕೊಂಡು ನಿಂತಿದೆ. ಕೊಮಾಟ್ಸು ಮಷಿನ್‌ಗಳಲ್ಲಿ ಈ ಲೀಕ್ ನೋಡುವುದೇ ಸ್ವಿಂಗ್ ಲಾಕ್ ಹಾಕಿಕೊಂಡು. ಮತ್ತೆ ಅದೇ 280, ಅದೇ 20 ಸೆಕೆಂಡ್, ಅದೇ ಡಬ್ಬ. ಗೋಡೆಗೆ ಒತ್ತದೆ ಮಾತ್ರ ಇದನ್ನು ಮಾಡಬೇಡಿ, ಬ್ರೇಕ್ ಪ್ಲೇಟ್ ಜಾರಿಸಿ ಸುಟ್ಟು ಹಾಕುತ್ತೀರಿ.

ಎರಡನೇ ಸಲ ಬಂದದ್ದು ಮೂರೂವರೆ ಲೀಟರ್, ಜಾಸ್ತಿ ಅಂದರೆ ನಾಲ್ಕು. ಬಾಟಲಿಯೊಳಗೆ ಬಿಟ್ಟಿದ್ದ ಪೈಪಿನಲ್ಲೂ ಎಣ್ಣೆ ತೊಟ್ಟಿಕ್ಕುತ್ತಿತ್ತು. ಬ್ರೇಕ್ ಪೋರ್ಟ್‌ಗೆ ಹೊರಗಿನಿಂದ ಎಣ್ಣೆ ಬರುವ ದಾರಿಯನ್ನೇ ಮುಚ್ಚಿದ್ದೇನೆ. ಹಾಗಾದರೆ ಅದು ಕೇಸ್ (ಮೋಟರ್‌ನ ಹೊರ ಕವಚ) ಒಳಗಿಂದಲೇ ಬರಬೇಕು. ಅಂದರೆ ಬ್ರೇಕ್ ಪಿಸ್ಟನ್ ಸೀಲ್ ದಾಟಿ ಬರಬೇಕು.

ಮೋಟರ್ ಲೀಕ್ ನಾಲ್ಕು ಲೀಟರ್ ಒಳಗೆ, ಸೆಕೆಂಡ್ ಹ್ಯಾಂಡ್ ಮೋಟರ್‌ಗೆ ಅದು ಚೆನ್ನಾಗಿರುವ ಲೆಕ್ಕವೇ. ಉಳಿದ ಐದೂವರೆ ಲೀಟರ್ ಪೈಲಟ್ ಎಣ್ಣೆ. ಅದು ಬ್ರೇಕ್ ಪಿಸ್ಟನ್ ಪಕ್ಕದಿಂದ ಕೇಸಿಗೆ ಜಾರಿ ಡ್ರೇನ್‌ನಲ್ಲಿ ಬಂದು ಮೋಟರ್ ಮೇಲೆ ಅಪವಾದ ಹೊರಿಸುತ್ತಿತ್ತು. ಎಣ್ಣೆ ಜಾರಿದರೆ ಬ್ರೇಕ್ ಬಿಡಿಸುವ ಪ್ರೆಷರ್ ಕೂಡ ಬೀಳುತ್ತದೆ. ಪ್ರೆಷರ್ ಬಿದ್ದರೆ ಸ್ಪ್ರಿಂಗ್ ಪೂರ್ತಿ ಒತ್ತಿರುವುದಿಲ್ಲ, ಪ್ಲೇಟುಗಳು ಉಜ್ಜುತ್ತಲೇ ಇರುತ್ತವೆ. ತಣ್ಣಗಿದ್ದಾಗ ಎಣ್ಣೆ ದಪ್ಪ, ಸೀಲ್ ಹೇಗೋ ಹಿಡಿಯುತ್ತದೆ. ಬಿಸಿಯಾದರೆ ಎಣ್ಣೆ ನೀರಾಗುತ್ತದೆ. ಹನ್ನೊಂದು ಗಂಟೆಯ ರೋಗಕ್ಕೆ ಕಾರಣ ಅಲ್ಲಿತ್ತು.

ಇಷ್ಟಕ್ಕೂ ಸಮಾಧಾನ ಆಗದೆ ಬ್ರೇಕ್ ಲೈನಿಗೆ ಟೀ ಜಾಯಿಂಟ್ (ಮೂರು ಬಾಯಿಯ ಜೋಡಣೆ) ಹಾಕಿ ಸಣ್ಣ ಗೇಜ್ ಕೂರಿಸಿದೆ. ಪೈಲಟ್ ಪ್ರೆಷರ್ 38–40 ಬಾರ್ ಇರಬೇಕಾದ ಮಷಿನ್. ಲೈನ್ ಪ್ಲಗ್ ಮಾಡಿದಾಗ 39, ಅಂದರೆ ಸಪ್ಲೈಗೆ ಏನೂ ಆಗಿಲ್ಲ. ಮೋಟರ್‌ಗೆ ಜೋಡಿಸಿ ಲಿವರ್ ಎಳೆದರೆ 15ಕ್ಕೆ ಇಳಿದು ಮುಳ್ಳು ನಡುಗುತ್ತ ನಿಂತಿತು. ಬ್ರೇಕ್ ಪೂರ್ತಿ ಬಿಡಲು ನನ್ನ ಅಂದಾಜಿನಲ್ಲಿ 20 ಆದರೂ ಬೇಕು.

‘ಗೇಜ್ ಒಂದೇ ಸಾಕಲ್ಲ, ಡಬ್ಬ ಯಾಕೆ’ ಅಂತ ಕೇಳುವವರು ಇದ್ದೇ ಇರುತ್ತಾರೆ. ಬರೀ ಗೇಜ್ ಇದ್ದರೆ ಬ್ರೇಕ್ ಗೊತ್ತಾಗುತ್ತದೆ, ಮೋಟರ್ ಚೆನ್ನಾಗಿದೆಯೋ ಇಲ್ಲವೋ ಗೊತ್ತಾಗಲ್ಲ. ಎರಡನೇ ಕಾರಣ ಓನರ್. ಗೇಜ್ ಮುಳ್ಳು ನೋಡಿ ಓನರ್ ನಂಬುವುದಿಲ್ಲ. ಡಬ್ಬದಲ್ಲಿ ಮೊದಲ ಸಲ ಎಣ್ಣೆ ಮೂರನೇ ಗೆರೆ ದಾಟಿ, ಎರಡನೇ ಸಲ ಒಂದನೇ ಗೆರೆಯಿಂದ ಎರಡು ಬೆರಳು ಮೇಲೆ ನಿಂತದ್ದನ್ನು ಅವನು ಕಣ್ಣಾರೆ ನೋಡಿದ. ಅಲ್ಲೇ ಪಂಪ್‌ನವನಿಗೆ ಫೋನ್ ಮಾಡಿ ಬರಬೇಡ ಅಂದ.

ಮೋಟರ್ ಇಳಿಸಿ ಬಿಚ್ಚಿದಾಗ ಬ್ರೇಕ್ ಪಿಸ್ಟನ್ ಸೀಲ್ ಕೈಗೆ ಬಂದದ್ದು ರಬ್ಬರ್ ಥರ ಇರಲಿಲ್ಲ. ಉಗುರಿನಿಂದ ಒತ್ತಿದರೆ ಗುರುತೇ ಬೀಳಲಿಲ್ಲ, ಬಗ್ಗಿಸಿದಾಗ ಪಟ್ ಅಂತ ಎರಡಾಯಿತು. ಹೊರಮೈ ಚಪ್ಪಟೆಯಾಗಿ ಹೊಳೆಯುತ್ತಿತ್ತು, ಒಂದು ಕಡೆ ಅಕ್ಕಿ ಕಾಳಿನಷ್ಟು ಚೂರು ಹಾರಿಹೋಗಿತ್ತು. ಫ್ರಿಕ್ಷನ್ ಪ್ಲೇಟ್‌ಗಳು ಕಪ್ಪಾಗಿ ಸುಟ್ಟ ವಾಸನೆ. ಮೋಟರ್‌ನ ಮುಖ್ಯ ಭಾಗಗಳಾದ ಸಿಲಿಂಡರ್ ಬ್ಲಾಕ್, ವಾಲ್ವ್ ಪ್ಲೇಟ್, ಪಿಸ್ಟನ್ ತುದಿಯ ಶೂ ಎಲ್ಲ ಚೆನ್ನಾಗಿದ್ದವು. ವಾಲ್ವ್ ಪ್ಲೇಟ್ ಮೇಲೆ ಉಗುರಿಗೆ ಸಿಗದಂಥ ಸಣ್ಣ ಗೆರೆ ಇತ್ತು, ಗ್ಲಾಸ್ ಮೇಲೆ ಎಮರಿ ಪೇಪರ್ ಹಾಕಿ ಎರಡು ಕೈ ತಿಕ್ಕಿ ಕೂರಿಸಿದೆ.

ಸೆಕೆಂಡ್ ಹ್ಯಾಂಡ್ ಮೋಟರ್ ಎರಡು ವಾರಕ್ಕೇ ಯಾಕೆ ಸೋತಿತು ಅನ್ನುವುದಕ್ಕೂ ಇಲ್ಲೇ ಉತ್ತರ ಇದೆ. ಮಾರುವವರು ಹೊರಗೆ ಪೇಂಟ್ ಹೊಡೆದು ಕೊಡುತ್ತಾರೆ, ಒಳಗೆ ಹಳೇ ಸೀಲೇ ಇರುತ್ತದೆ. ಗೋಡೌನ್‌ನಲ್ಲಿ ವರ್ಷಗಟ್ಟಲೆ ಬಿದ್ದಿದ್ದ ಸೀಲ್‌ಗೆ ಜೀವ ಎಲ್ಲಿರುತ್ತದೆ? 2011ರಲ್ಲಿ ಸುಪ್ರೀಂ ಕೋರ್ಟ್ ಬಳ್ಳಾರಿ ಗಣಿಗಳನ್ನು ನಿಲ್ಲಿಸಿದಾಗ ಸಂಡೂರು, ಹೊಸಪೇಟೆ ಕಡೆ ಸಾಲುಸಾಲು ಮಷಿನ್‌ಗಳು ಬಿಸಿಲಲ್ಲಿ ನಿಂತುಬಿಟ್ಟವು. ಆಮೇಲೆ ಅವು ಓಡಲು ಶುರುವಾದಾಗ ನನಗೆ ಬಂದ ಕೆಲಸದಲ್ಲಿ ಸ್ವಿಂಗ್ ಬ್ರೇಕ್ ಸೀಲ್, ಅಂಟಿಕೊಂಡ ಪ್ಲೇಟು, ನೀರು ಸೇರಿ ಮಜ್ಜಿಗೆಯಾದ ಪಿನಿಯನ್ ಗ್ರೀಸು ಇವೇ ಜಾಸ್ತಿ. ಬ್ರೇಕ್ ಕಡೆ ಮೊದಲು ನೋಡುವ ಅಭ್ಯಾಸ ನನಗೆ ಬಿದ್ದದ್ದೇ ಆಗ. ಈಗಲೂ ಸೆಕೆಂಡ್ ಹ್ಯಾಂಡ್ ಮೋಟರ್ ತಂದರೆ ಸೀಲ್ ಕಿಟ್ ಹಾಕದೆ ನಾನು ಕೂರಿಸುವುದಿಲ್ಲ. ಓನರ್ ಬೇಡ ಅಂದರೆ ಬೇರೆಯವರನ್ನು ಕರೆಸಿಕೊಳ್ಳಿ ಅಂತ ನೇರವಾಗಿಯೇ ಹೇಳುತ್ತೇನೆ.

ಬ್ರೇಕ್ ಪಿಸ್ಟನ್ ಎತ್ತಲು ಪೋರ್ಟಿಗೆ ಗಾಳಿ ಬಿಡುವುದು ಎಲ್ಲರಿಗೂ ಗೊತ್ತು. ಕಂಪ್ರೆಸರ್ ಫುಲ್ ಬಿಟ್ಟರೆ ಪಿಸ್ಟನ್ ಹಾರಿ ಮುಖಕ್ಕೇ ಬರುತ್ತದೆ, ಸ್ವಲ್ಪ ಸ್ವಲ್ಪ ಬಿಡಿ, ಮೇಲೆ ಮರದ ತುಂಡು ಇಡಿ. ಆದರೆ ಹೊಸ ಸೀಲ್ ಹಾಕಿದ ಪಿಸ್ಟನ್ ವಾಪಸ್ ಇಳಿಸುವಾಗ ಪೋರ್ಟಿನ ಅಂಚಿಗೆ ಸೀಲ್ ಕಚ್ಚಿ ಕಟ್ ಆಗುತ್ತದಲ್ಲ, ಅದನ್ನು ತಪ್ಪಿಸಲು ನನ್ನದೊಂದು ಉಪಾಯ ಇದೆ. ಅದು ಇಲ್ಲಿ ಬೇಡ. ಅದೊಂದರಿಂದಲೇ ನನಗೆ ವಾಪಸ್ ಬರುವ ಕೆಲಸ ಕಡಿಮೆ, ಹೊಟ್ಟೆಪಾಡು ನೋಡಿಕೊಳ್ಳಬೇಕಲ್ಲ. ಡ್ರೇನ್ ಪೋರ್ಟಿಗೆ ನಾನು ಮಾಡಿಸಿಕೊಂಡ ಅಡಾಪ್ಟರ್ ಅಳತೆಯೂ ಅಷ್ಟೇ, ವರ್ಕ್‌ಶಾಪಿಗೆ ಬಂದವರಿಗೆ ತೋರಿಸುತ್ತೇನೆ.

ಲೆಕ್ಕ ಹೇಳಿಬಿಡುತ್ತೇನೆ. ಸೀಲ್ ಕಿಟ್ ನಾಲ್ಕೂವರೆ ಸಾವಿರದ ಹತ್ತಿರ, ಒರಿಜಿನಲ್ ಅಲ್ಲ, ಆದರೆ ಒಳ್ಳೇ ಮೇಕ್. ಫ್ರಿಕ್ಷನ್ ಪ್ಲೇಟುಗಳು ಏಳು ಸಾವಿರ. ಎರಡೂ ಬೆಂಗಳೂರಿನಿಂದ ಬಸ್ ಪಾರ್ಸೆಲ್‌ನಲ್ಲಿ ಬಂದವು. ಎಣ್ಣೆ, ಫಿಲ್ಟರ್, ಗೇರ್ ಆಯಿಲ್ ಸೇರಿ ಎಂಟೊಂಬತ್ತು. ಕ್ರೇನ್ ಬಾಡಿಗೆ ಉಳಿಸಲು ಪಕ್ಕದ ಮಷಿನ್ನಿನ ಬಕೆಟ್ಟಿಗೆ ಬೆಲ್ಟ್ ಕಟ್ಟಿಯೇ ಮೋಟರ್ ಎತ್ತಿದೆವು. ನನ್ನ ಕೂಲಿ ಹದಿನಾಲ್ಕು. ಎಲ್ಲ ಸೇರಿ ಮೂವತ್ತೈದು ಸಾವಿರ ದಾಟಲಿಲ್ಲ. ಪಂಪ್ ಬಿಚ್ಚಿದ್ದರೆ ಎರಡು ಲಕ್ಷ ಹೋಗಿ ಸ್ವಿಂಗ್ ಹಾಗೇ ಇರುತ್ತಿತ್ತು. ಇಷ್ಟು ಉಳಿಸಿಕೊಟ್ಟರೂ ಓನರ್ ನನ್ನ ಹದಿನಾಲ್ಕರಲ್ಲಿ ಒಂಬತ್ತು ಕೊಟ್ಟು, ಉಳಿದದ್ದು ಕಲ್ಲಿನ ಬ್ಲಾಕ್ ಲೋಡ್ ಆದ ಮೇಲೆ ಅಂದ. ಮಳೆಗಾಲದಲ್ಲಿ ಬಂತು ಬಿಡಿ.

ಮಧ್ಯಾಹ್ನದ ಮೂರು ಸುತ್ತು ಈಗ 15 ಸೆಕೆಂಡ್. ಆದರೆ ಅಲ್ಲಿಗೇ ಬಿಟ್ಟಿದ್ದರೆ ಮುಂದಿನ ಬೇಸಿಗೆಗೆ ಮತ್ತೆ ಹೋಗಬೇಕಾಗುತ್ತಿತ್ತು. ಸೀಲ್ ಯಾಕೆ ಬೆಂದಿತು ಅಂತ ನೋಡಿದಾಗ ಆಯಿಲ್ ಕೂಲರ್ ಸಿಕ್ಕಿತು. ಕಲ್ಲು ಕೊಯ್ಯುವ ವೈರ್ ಸಾ ಹತ್ತಿರವೇ ಮಷಿನ್ ನಿಲ್ಲುತ್ತಿತ್ತು. ಕಲ್ಲಿನ ಹಿಟ್ಟು, ಮೇಲೆ ಎಣ್ಣೆ ಪಸೆ, ಎರಡೂ ಸೇರಿ ಫಿನ್‌ಗಳ ಮಧ್ಯೆ ಸಿಮೆಂಟ್ ಆಗಿಬಿಟ್ಟಿತ್ತು. ಹೊರಗಿನಿಂದ ಗಾಳಿ ಹೊಡೆದು ಕ್ಲೀನ್ ಮಾಡಿದ್ದೇವೆ ಅಂತ ಆಪರೇಟರ್ ಹೇಳುತ್ತಿದ್ದ. ಹೊರಗಿನಿಂದ ಹೊಡೆದರೆ ಇನ್ನೂ ಒಳಗೆ ಹೋಗಿ ಕೂರುತ್ತದೆ. ಬಿಚ್ಚಿ, ಡೀಸೆಲ್‌ನಲ್ಲಿ ನೆನೆಸಿ, ಒಳಗಿನಿಂದ ಹೊರಗೆ ತೊಳೆದ ಮೇಲೆ ಎಣ್ಣೆ 90ರಿಂದ 75–78ಕ್ಕೆ ಇಳಿಯಿತು.

ಈ ಕೆಲಸದ ಮಧ್ಯೆ ಒಂದೆರಡು ಪ್ರಯೋಗಗಳನ್ನೂ ಮಾಡಿದೆ. ಆನ್‌ಲೈನ್‌ನಲ್ಲಿ ಸಾವಿರದ ಆಸುಪಾಸಿಗೆ ಸಿಗುವ ಟೆಂಪರೇಚರ್ ಗನ್ ಇದೆಯಲ್ಲ, ಡ್ರೇನ್ ಎಣ್ಣೆಯ ಬಿಸಿ ನೋಡಿಯೇ ಬ್ರೇಕ್ ಉಜ್ಜುತ್ತಿದೆ ಅಂತ ಹೇಳಬಹುದೇನೋ ಅನ್ನುವ ಆಸೆ. ಆಗಲಿಲ್ಲ. ಬ್ರೇಕ್ ಉಜ್ಜಿದರೂ ಡ್ರೇನ್ ಬಿಸಿ, ಮೋಟರ್ ಲೀಕ್ ಆದರೂ ಡ್ರೇನ್ ಬಿಸಿ. 280 ಬಾರ್‌ನಲ್ಲಿದ್ದ ಎಣ್ಣೆ ಸಂದಿಯಲ್ಲಿ ನುಸುಳಿ ಸೊನ್ನೆಗೆ ಬಿದ್ದರೆ ಹದಿನೈದು ಡಿಗ್ರಿ ಏರಿಯೇ ಬರುತ್ತದೆ. ಗನ್ ದಂಡ ಅಂತೇನೂ ಅಲ್ಲ, ಒಂದೇ ಕಡೆ ಸ್ವಿಂಗ್ ವೀಕ್ ಇದ್ದಾಗ ಎರಡು ರಿಲೀಫ್‌ಗಳ ಬಿಸಿ ಹೋಲಿಸಲು ಬರುತ್ತದೆ. ಲೀಕ್ ಇರುವುದು ಜಾಸ್ತಿ ಬಿಸಿ ಇರುತ್ತದೆ. ಹೊಳೆಯುವ ಮೆಟಲ್ ಮೇಲೆ ಹಿಡಿದರೆ ಸುಳ್ಳು ತೋರಿಸುತ್ತದೆ, ಎರಡರ ಮೇಲೂ ಕಪ್ಪು ಟೇಪ್ ಅಂಟಿಸಿ ಹಿಡಿಯಿರಿ.

ಇನ್ನೊಂದು ಪಂಚೆ ಪ್ರಯೋಗ. ಹಳೇ ಬಿಳಿ ಪಂಚೆಯ ತುಂಡಿನಲ್ಲಿ ಡ್ರೇನ್ ಎಣ್ಣೆ ಸೋಸಿ, ಬಿಸಿಲಿಗೆ ಹಿಡಿದು ಮೊಬೈಲ್ ಲೆನ್ಸ್‌ನಲ್ಲಿ ಜೂಮ್ ಮಾಡಿ ನೋಡುವುದು. ಹಳದಿ ಮಿಂಚು ಕಂಡರೆ ಶೂ ಅಥವಾ ಬ್ಲಾಕ್‌ನ ಹಿತ್ತಾಳೆ ಬಣ್ಣದ ಲೋಹ ಸವೆಯುತ್ತಿದೆ, ಮೋಟರ್ ನಿಜವಾಗಿಯೂ ಹೋಗುತ್ತಿದೆ. ಮ್ಯಾಗ್ನೆಟ್‌ಗೆ ಅಂಟುವುದು ಸ್ಟೀಲ್. ಕಪ್ಪು ನಾರಿನ ಥರ, ಬೆರಳಲ್ಲಿ ತಿಕ್ಕಿದರೆ ಹರಡುವಂಥದ್ದು ಬ್ರೇಕ್ ಪ್ಲೇಟಿನದು. ಈ ಮಷಿನ್‌ನಲ್ಲಿ ಬರೀ ಕಪ್ಪು ನಾರು ಇತ್ತು, ಹಳದಿ ಒಂದು ಚೂರೂ ಇರಲಿಲ್ಲ. ಎರಡನೇ ಸಲ ಡಬ್ಬ ಹಿಡಿಯುವ ಮೊದಲೇ ನನಗೆ ಅರ್ಧ ಧೈರ್ಯ ಬಂದಿತ್ತು.

ಮೋಟರ್ ನಿಜಕ್ಕೂ ಹೋಗಿರುವ ಕೇಸುಗಳೂ ಇವೆ, ನನ್ನನ್ನು ಬ್ರೇಕ್ ಹುಚ್ಚ ಅನ್ನಬೇಡಿ. ಇದಾದ ಮೇಲೆ ಕುಷ್ಟಗಿ ಕಡೆಯ ಒಂದು ಮಷಿನ್ ಬಂತು. ಲಕ್ಷಣ ಎಲ್ಲ ಇದೇ. ಓನರ್ ಇಳಕಲ್ ಕಥೆ ಕೇಳಿಕೊಂಡೇ ಬಂದಿದ್ದ, ಮೂವತ್ತೈದು ಸಾವಿರಕ್ಕೆ ಮುಗಿಯುತ್ತದೆ ಅನ್ನುವ ಖುಷಿಯಲ್ಲಿದ್ದ. ಮೊದಲ ಸಲ ಹದಿಮೂರು ಲೀಟರ್, ಎರಡನೇ ಸಲವೂ ಹನ್ನೆರಡೂವರೆ. ಪಂಚೆ ತುಂಬ ಬಂಗಾರದ ಬಣ್ಣ. ಅವನಿಗೆ ಮೋಟರ್ ಬದಲಿಸದೆ ದಾರಿ ಇಲ್ಲ ಅಂದೆ, ಅವನ ಮುಖ ನೋಡಬೇಕಿತ್ತು.

ಒಂದೇ ಕಡೆ ವೀಕ್ ಇರುವ ಕೇಸು ಇದಕ್ಕಿಂತ ಸುಲಭ, ಬೇಗ ಹೇಳಿ ಮುಗಿಸುತ್ತೇನೆ. ಮೊದಲು ಮೋಟರ್ ಮೇಲಿನ ಎರಡು ರಿಲೀಫ್ ಅದಲುಬದಲು ಮಾಡಿ. ತೊಂದರೆ ಇನ್ನೊಂದು ಕಡೆಗೆ ಹೋದರೆ ರಿಲೀಫ್, ತೊಳೆದು ಸೀಟ್ ನೋಡಿ, ಎಷ್ಟೋ ಸಲ ಕೂದಲಿನಷ್ಟು ಲೋಹದ ಚೂರು ಇರುತ್ತದೆ. ಹೋಗದಿದ್ದರೆ ಮೋಟರ್‌ನ ಎ-ಬಿ ಹೋಸ್ (ಎಡಕ್ಕೆ, ಬಲಕ್ಕೆ ತಿರುಗಿಸುವ ಎರಡು ಮೇನ್ ಹೋಸ್) ಅದಲುಬದಲು ಮಾಡಿ. ಈಗ ಎಡಕ್ಕೆ ಲಿವರ್ ಎಳೆದರೆ ಮಷಿನ್ ಬಲಕ್ಕೆ ತಿರುಗುತ್ತದೆ. ಆಪರೇಟರ್‌ಗೆ ಕೂಗಿ ಹೇಳಿ, ಸುತ್ತ ಯಾರೂ ಇರಬಾರದು, ಕೌಂಟರ್‌ವೇಟ್ ಹಿಂದೆ ಹೆಲ್ಪರ್ ನಿಂತಿದ್ದರೆ ಕಥೆ ಮುಗೀತು. ಮಷಿನ್ ಎಡಕ್ಕೆ ತಿರುಗುವಾಗಲೇ ಈಗಲೂ ವೀಕ್ ಇದ್ದರೆ ತೊಂದರೆ ಮೋಟರ್ ಕಡೆ, ಮೇಕಪ್ ಚೆಕ್ ವಾಲ್ವ್ ಬಿಚ್ಚಿ. ಬಲಕ್ಕೆ ತಿರುಗುವಾಗ ವೀಕ್ ಆದರೆ ತೊಂದರೆ ಸ್ಪೂಲ್ ಅಥವಾ ಪೈಲಟ್ ಕಡೆ, ಸ್ಪೂಲ್‌ನ ಎರಡು ಪೈಲಟ್ ಹೋಸ್ ಬದಲಿಸಿದರೆ ಅದೂ ಗೊತ್ತಾಗುತ್ತದೆ.

ಸ್ವಿಂಗ್ ಪೂರ್ತಿ ಬಂದ್ ಆದರೆ ಮೊದಲು ಕರೆಂಟ್ ನೋಡಿ. ಕೊಮಾಟ್ಸು ಮಷಿನ್‌ಗಳಲ್ಲಿ ಸ್ವಿಂಗ್ ಲಾಕ್ ಪ್ರೊಲಿಕ್ಸ್ ಸ್ವಿಚ್ ಅಂತ ಒಂದಿರುತ್ತದೆ, ಕಂಟ್ರೋಲರ್ ಕೈಕೊಟ್ಟಾಗ ಬ್ರೇಕ್ ಬಿಡಿಸಲಿಕ್ಕೆ. ಅದನ್ನು ಹಾಕಿದ ತಕ್ಷಣ ತಿರುಗಿದರೆ ಮೋಟರ್‌ಗೂ ಬ್ರೇಕಿಗೂ ಏನೂ ಆಗಿಲ್ಲ, ವೈರಿಂಗ್ ಹುಡುಕಿ. ಒಂದು ಸಲ ಸೊಲೆನಾಯ್ಡ್ (ಕರೆಂಟಿನಿಂದ ತೆರೆಯುವ ವಾಲ್ವ್) ವೈರನ್ನು ಇಲಿ ತಿಂದಿತ್ತು. ಬೆಟ್ಟ ಅಗೆಯುವ ಮಷಿನ್‌ನಲ್ಲಿ ಇಲಿ ಹಿಡಿದೆ ಅಂತ ಆಪರೇಟರ್ ಇವತ್ತಿಗೂ ತಮಾಷೆ ಮಾಡುತ್ತಾನೆ.

ಸ್ವಿಂಗ್ ಗೇರ್‌ಬಾಕ್ಸ್ ಡಿಪ್‌ಸ್ಟಿಕ್ ಎಳೆದು ನೋಡದೆ ಯಾವ ತೀರ್ಮಾನಕ್ಕೂ ಬರಬೇಡಿ. 20 ಟನ್ನಿಗೆ ಆರು ಲೀಟರ್ ಚಿಲ್ಲರೆ ಗೇರ್ ಆಯಿಲ್ ಹಿಡಿಯುತ್ತದೆ. ಹಾಕಿದ್ದಕ್ಕಿಂತ ಲೆವೆಲ್ ಮೇಲೆ ಬಂದಿದ್ದರೆ, ಎಣ್ಣೆ ತೆಳ್ಳಗಾಗಿದ್ದರೆ, ಮೋಟರ್ ಶಾಫ್ಟ್ ಸೀಲ್ ದಾಟಿ ಹೈಡ್ರಾಲಿಕ್ ಎಣ್ಣೆ ಇಳಿಯುತ್ತಿದೆ. ಆ ಸೀಲ್ ಪದೇ ಪದೇ ಹೋಗುತ್ತಿದ್ದರೆ ಸೀಲ್ ಬದಲಿಸುತ್ತ ಕೂರಬೇಡಿ, ಕೇಸ್ ಪ್ರೆಷರ್ ಯಾಕೆ ಏರುತ್ತಿದೆ ನೋಡಿ. ಡ್ರೇನ್ ಹೋಸ್ ಒಳಪದರ ಕಿತ್ತು ದಾರಿ ಮುಚ್ಚಿದ್ದನ್ನು ನೋಡಿದ್ದೇನೆ, ಹೊರಗಿನಿಂದ ಹೋಸ್ ಹೊಸದರಂತೆ ಇರುತ್ತದೆ.

ಇಳಿಜಾರಲ್ಲಿ ನಿಲ್ಲಿಸಿದಾಗ ಬಾಡಿ ತಾನೇ ಜಾರುತ್ತದೆ ಅಂದರೆ ಎಂಜಿನ್ ಬಂದ್ ಮಾಡಿ, ಸ್ಲೂ ರಿಂಗ್‌ನ (ಮೇಲಿನ ಬಾಡಿ ತಿರುಗುವ ದೊಡ್ಡ ಬೇರಿಂಗ್) ಒಳ ಹೊರ ರೇಸ್ ಎರಡಕ್ಕೂ ಸೇರಿಸಿ ಚಾಕ್‌ಪೀಸ್ ಗೆರೆ ಎಳೆದು ಐದು ನಿಮಿಷ ಕಾಯಿರಿ. ಗೆರೆ ಸರಿದರೆ ಬ್ರೇಕ್ ಪ್ಲೇಟ್ ಸವೆದಿದೆ. ಸರಿಯದೆ, ಕೆಲಸ ಮಾಡುವಾಗ ಮಾತ್ರ ನಿಲ್ಲಬೇಕಾದ ಜಾಗ ದಾಟಿ ಹೋಗುತ್ತಿದ್ದರೆ ರಿಲೀಫ್ ಅಥವಾ ಚೆಕ್ ವಾಲ್ವ್.

ಮೋಟರ್ ವಾಪಸ್ ಕೂರಿಸಿದ ಮೇಲೆ ಡ್ರೇನ್ ಪೋರ್ಟಿನಿಂದ ಕೇಸಿಗೆ ಎಣ್ಣೆ ತುಂಬಿಸಿಯೇ ಹೋಸ್ ಕಟ್ಟಿ, ಐಡಲ್‌ನಲ್ಲಿ ನಿಧಾನಕ್ಕೆ ಎರಡೂ ಕಡೆ ತಿರುಗಿಸಿ ಗಾಳಿ ಬಿಡಿ. ಒಣ ಕೇಸಿನಲ್ಲಿ ಸ್ಟಾರ್ಟ್ ಮಾಡಿ ಹೊಸ ಮೋಟರನ್ನು ಒಂದೇ ಗಂಟೆಯಲ್ಲಿ ಹಾಳು ಮಾಡಿದವರು ನಮ್ಮ ತಾಲೂಕಿನಲ್ಲೇ ಇದ್ದಾರೆ.

ಟ್ರಾವೆಲ್ ಮೋಟರ್‌ಗೂ ಹೀಗೆ ಎರಡು ಸಲ ಹಿಡಿಯಬಹುದಾ ಅಂತ ಕೇಳುತ್ತಾರೆ. ನಮ್ಮ ಕಡೆ ಓಡುವ ಹೆಚ್ಚಿನ ಮಷಿನ್‌ಗಳಲ್ಲಿ ಆಗಲ್ಲ. ಅಲ್ಲಿ ಬ್ರೇಕಿಗೆ ಬೇರೆ ಪೈಲಟ್ ಹೋಸ್ ಇರುವುದಿಲ್ಲ, ಮೇನ್ ಲೈನಿನ ಪ್ರೆಷರ್‌ನಿಂದ ಒಳಗೊಳಗೇ ಬಿಡುತ್ತದೆ, ಮುಚ್ಚಲು ಲೈನೇ ಸಿಗಲ್ಲ. ಅದಕ್ಕೆ ಎಡ ಬಲ ಎರಡೂ ಮೋಟರ್‌ಗಳ ಡ್ರೇನ್ ಹಿಡಿದು ಒಂದಕ್ಕೊಂದು ಹೋಲಿಸುತ್ತೇನೆ, ಡಬ್ಬ ಮಾತ್ರ ಇದೇ.